ಕೋಣೆ ಕೇಳಿದವರ ಚರಿತ್ರೆ

ಇಥಾಕಾ ಮೇಲೊಂದು ಕೆಳಗೊಂದು ಎಂದು ಎರಡು ಭಾಗವಾಗಿ ಹರಡಿಕೊಂಡ ಊರು. ಕಯೂಗಾ ಸರೋವರದ ತುದಿಯ ಬಯಲಿನಲ್ಲಿ ಪೇಟೆ, ಚರ್ಚು, ಬಾಡಿಗೆ ಮನೆಗಳು. ಪೂರ್ವದ ಕಡಿದಾದ ಗುಡ್ಡದ ಮೇಲೆ ಕಾರ್ನೆಲ್ ವಿಶ್ವವಿದ್ಯಾಲಯ. 1981ರಲ್ಲಿ ಗಂಡನ ಪಿಎಚ್‌.ಡಿ. ಹಿಂದೆ ಟ್ರಂಕು ಹಿಡಿದು ಬಂದವಳು ನಾನು. ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸ ಸಿಕ್ಕಿತು, ಪಿಎಚ್‌.ಡಿ. ಮುಗಿದ ಮೇಲೂ ಇಲ್ಲೇ ಬೇರು ಬಿಟ್ಟೆವು. ಜನವರಿಯ ಹಿಮದಲ್ಲಿ ಬಫಲೋ ಬೀದಿಯ ಏರು ಹತ್ತಿದರೆ ಬಯಲಿಗೂ ಗುಡ್ಡಕ್ಕೂ ಎಷ್ಟು ದೂರವೆಂದು ಮೊಣಕಾಲೇ ಹೇಳುತ್ತದೆ.

ಈಗ ಕೆಲವು ವರ್ಷಗಳಿಂದ ಅಮೆರಿಕದ ಕಾಲೇಜುಗಳಲ್ಲಿ ಒಂದೇ ಜಗಳ. ಕಪ್ಪು ವಿದ್ಯಾರ್ಥಿಗಳಿಗೆಂದು ಸಂಘ, ಲ್ಯಾಟಿನೊ ವಿದ್ಯಾರ್ಥಿಗಳಿಗೆಂದು ಮನೆ, ಏಷ್ಯಾದವರಿಗೆಂದು ಕೇಂದ್ರ, ಇವನ್ನೆಲ್ಲ ನೋಡಿಕೊಳ್ಳಲು ವೈವಿಧ್ಯದ ಕಚೇರಿ: ಇವೆಲ್ಲ ಇರಬೇಕೇ, ಮುಚ್ಚಬೇಕೇ? ಬೆಂಗಳೂರಿನಿಂದ ಫೋನ್ ಮಾಡುವ ತಮ್ಮನಿಗೂ ಇದರ ಬಿಸಿ ತಟ್ಟಿದೆ, ಅವನ ಮಗಳು ಇಲ್ಲಿಗೆ ಓದಲು ಬರುವ ಯೋಚನೆಯಲ್ಲಿದ್ದಾಳೆ. "ಅಲ್ಲ ಕಣಕ್ಕಾ, ಬಣ್ಣ ನೋಡಬೇಡಿ ಅಂತ ಹೋರಾಡಿದವರೇ ಬಣ್ಣದ ಹೆಸರಲ್ಲಿ ಹಾಸ್ಟೆಲ್ ಯಾಕೆ ಕಟ್ಟಿಕೊಂಡ್ರು?" ಎಂದು ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಹುಡುಕಲು ಎಲ್ಲರೂ ಸಿದ್ಧಾಂತದ ಪುಸ್ತಕ ತೆರೆಯುತ್ತಾರೆ. ನನಗೆ ಕಂಡಂತೆ ಉತ್ತರ ಇರುವುದು ಬಾಡಿಗೆ ಕೋಣೆಗಳ ಲೆಕ್ಕದಲ್ಲಿ.

ಕಾರ್ನೆಲ್ ಸ್ಥಾಪನೆಯಾದದ್ದು 1865ರಲ್ಲಿ, ಅಂತರ್ಯುದ್ಧ ಮುಗಿದ ವರ್ಷ. ಯಾರು ಬಂದರೂ, ಯಾವ ವಿದ್ಯೆ ಬೇಕೆಂದರೂ ಕಲಿಸುತ್ತೇವೆ ಎಂಬುದು ಸ್ಥಾಪಕ ಎಜ್ರಾ ಕಾರ್ನೆಲ್‌ನ ಮಾತು. ತರಗತಿಯ ಮಟ್ಟಿಗೆ ಆ ಮಾತು ನಡೆಯಿತು. ಹೆಂಗಸರೂ ಬಂದರು, ಕಪ್ಪು ಹುಡುಗರೂ ಬಂದರು. ಆದರೆ ಗಂಡುಮಕ್ಕಳಿಗೆ ಹಾಸ್ಟೆಲ್ ಕಟ್ಟುವ ಗೋಜಿಗೆ ವಿಶ್ವವಿದ್ಯಾಲಯ ಬಹುಕಾಲ ಹೋಗಲೇ ಇಲ್ಲ. ಹುಡುಗರು ಊರಿನ ಬೋರ್ಡಿಂಗ್ ಮನೆಗಳಲ್ಲಿ ಕೋಣೆ ಹಿಡಿಯಬೇಕು, ಇಲ್ಲವೇ ಫ್ರಾಟರ್ನಿಟಿ ಎನ್ನುವ ಖಾಸಗಿ ಸಂಘಗಳ ಮನೆ ಸೇರಬೇಕು. ಫ್ರಾಟರ್ನಿಟಿಗಳು ಬಿಳಿಯರವು. ಬೋರ್ಡಿಂಗ್ ಮನೆಯ ಯಜಮಾನಿಯರು ಕಪ್ಪು ಹುಡುಗನ ಮುಖ ನೋಡಿದೊಡನೆ ಕೋಣೆ ಖಾಲಿ ಇಲ್ಲ ಎನ್ನುವವರು. ಹಾಗಾಗಿ ಆ ಹುಡುಗರು ಹಗಲು ಗುಡ್ಡದ ಮೇಲೆ ಪಾಠ ಕೇಳಿ, ರಾತ್ರಿ ಬಯಲಿಗಿಳಿದು, ಅಡುಗೆ, ಇಸ್ತ್ರಿ, ಚಾಕರಿ ಮಾಡಿ ಬದುಕುತ್ತಿದ್ದ ಕಪ್ಪು ಕುಟುಂಬಗಳ ಮನೆಯಲ್ಲಿ ಮಲಗುತ್ತಿದ್ದರು. ಒಟ್ಟಿಗೆ ಓದಲು ಜಾಗವಿಲ್ಲ, ಹಿಂದಿನ ವರ್ಷದವರ ಟಿಪ್ಪಣಿ ಕೊಡುವವರಿಲ್ಲ. 1904–05ರಲ್ಲಿ ಇದ್ದ ಆರು ಕಪ್ಪು ವಿದ್ಯಾರ್ಥಿಗಳು ಮರುವರ್ಷ ವಾಪಸು ಬರಲೇ ಇಲ್ಲ.

ಅದೇ ಹೊತ್ತಿಗೆ, 1904ರಲ್ಲಿ, ಹೊರದೇಶಗಳಿಂದ ಬಂದ ವಿದ್ಯಾರ್ಥಿಗಳು ಕಾರ್ನೆಲ್‌ನಲ್ಲಿ ಕಾಸ್ಮೊಪಾಲಿಟನ್ ಕ್ಲಬ್ ಕಟ್ಟಿಕೊಂಡರು. ಕೆಲವೇ ವರ್ಷಗಳಲ್ಲಿ ಬ್ರಯಂಟ್ ಅವೆನ್ಯೂದಲ್ಲಿ, ಗುಡ್ಡದ ಮೇಲೆಯೇ, ಅವರಿಗೆ ಸ್ವಂತ ಕಟ್ಟಡವಾಯಿತು. ಮುಂದೆ ಚೀನಾದ ದೊಡ್ಡ ವಿದ್ವಾಂಸನಾದ ಹು ಶಿ ವಿದ್ಯಾರ್ಥಿಯಾಗಿದ್ದಾಗ ಆ ಕ್ಲಬ್ಬಿನ ಮನೆಯಲ್ಲೇ ಇದ್ದ. ಸಾವಿರಾರು ಮೈಲಿಯಾಚೆಯಿಂದ ಬಂದವರಿಗೆ ಗುಡ್ಡದ ಮೇಲೆ ಮನೆ ಸಿಕ್ಕಿತು, ಇದೇ ನೆಲದಲ್ಲಿ ಹುಟ್ಟಿದವರಿಗೆ ಸಿಗಲಿಲ್ಲ. ಚರಿತ್ರೆ ಬರೆಯುವವರು ಈ ಎರಡು ಮನೆಗಳನ್ನು ಬೇರೆ ಬೇರೆ ಅಧ್ಯಾಯದಲ್ಲಿ ಇಡುತ್ತಾರೆ. ಒಟ್ಟಿಗೆ ಇಟ್ಟು ನೋಡುವುದು ನನ್ನ ಚಾಳಿ.

ಬಯಲಿನ ಹುಡುಗರು ಮೊದಲು ಮಾಡಿದ್ದು ಒಂದು ಓದಿನ ಕೂಟ. ಬಯಲಿನಲ್ಲಿದ್ದ ಕಪ್ಪು ಕುಟುಂಬವೊಂದರ ಮನೆಯ ನಡುಮನೆಯಲ್ಲಿ ಕೂತು ಪಾಠ, ಚರ್ಚೆ, ಊಟ. ಅದು ನಡೆದಂತೆ ಅವರಲ್ಲೇ ವಾದ ಹುಟ್ಟಿತು. ಓದಿನ ಕೂಟವೇ ಸಾಕೆಂದರು ಕೆಲವರು. ಬಿಳಿಯರ ಹಾಗೆ ನಮ್ಮದೂ ಫ್ರಾಟರ್ನಿಟಿ ಇರಲಿ ಎಂದರು ಇನ್ನು ಕೆಲವರು. ಫ್ರಾಟರ್ನಿಟಿ ಎಂದರೇನು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಖರ್ಚಿಗೆಂದು ಅದೇ ಬಿಳಿಯರ ಮನೆಗಳಲ್ಲಿ ಬಡಿಸುವ ಕೆಲಸ ಮಾಡುತ್ತಿದ್ದರು! 1906ರ ಡಿಸೆಂಬರ್ 4ರಂದು ಏಳು ಜನ ಸೇರಿ ಆಲ್ಫಾ ಫೈ ಆಲ್ಫಾ ಎಂಬ ಸಂಘ ಕಟ್ಟಿದರು. ಕಾಲೇಜು ವಿದ್ಯಾರ್ಥಿಗಳ ಕಪ್ಪು ಫ್ರಾಟರ್ನಿಟಿಗಳಲ್ಲಿ ಇಂದಿಗೂ ಉಳಿದು ಬಂದ ಮೊದಲನೆಯದು ಅದು. ಆ ಏಳು ಜನರಲ್ಲಿ ವರ್ಟ್ನರ್ ಟ್ಯಾಂಡಿ ವಾಸ್ತುಶಿಲ್ಪದ ವಿದ್ಯಾರ್ಥಿ. ಮುಂದೆ ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಣಿಯಾದ ಮೊದಲ ಕಪ್ಪು ವಾಸ್ತುಶಿಲ್ಪಿಯಾದ. ಇರಲು ಕೋಣೆ ಸಿಗದವನೇ ಊರಿಗೆ ಮನೆ ಕಟ್ಟಿಕೊಟ್ಟ.

1906 ಎಂದಾಗ ನನಗೆ ಬೆಂಗಳೂರು ನೆನಪಾಗದೆ ಇರದು. ಒಕ್ಕಲಿಗರ ಸಂಘ ಹುಟ್ಟಿದ್ದೂ ಅದೇ ವರ್ಷ. ಅದಕ್ಕೆ ಒಂದು ವರ್ಷ ಮೊದಲು ಮೈಸೂರಿನ ಲಿಂಗಾಯತರು ವಿದ್ಯಾನಿಧಿ ಸ್ಥಾಪಿಸಿಕೊಂಡಿದ್ದರು. ಇಥಾಕಾದವರೂ ನಮ್ಮವರೂ ಒಬ್ಬರನ್ನೊಬ್ಬರು ನೋಡಿ ಕಲಿತದ್ದಲ್ಲ, ಇಥಾಕಾದ ಸುದ್ದಿ ಬೆಂಗಳೂರಿಗೆ ಬಂದದ್ದೂ ಇಲ್ಲ. ಹೊಟ್ಟೆಪಾಡು ಮಾತ್ರ ಒಂದೇ ಬಗೆಯದು. ನಮ್ಮ ಕಡೆ ಪೇಟೆಗೆ ಓದಲು ಬಂದ ಬಡ ಬ್ರಾಹ್ಮಣ ಹುಡುಗನಿಗೆ ವಾರಾನ್ನವಿತ್ತು. ಸೋಮವಾರ ವಕೀಲರ ಮನೆ, ಮಂಗಳವಾರ ಮೇಷ್ಟ್ರ ಮನೆ, ಬುಧವಾರ ಇನ್ನೊಬ್ಬರ ಮನೆ. ಅದರಲ್ಲಿ ಅವಮಾನವಿರಲಿಲ್ಲವೆಂದಲ್ಲ. ಆದರೆ ದಿನಕ್ಕೊಂದು ಬಾಗಿಲಂತೂ ಇತ್ತು. ಒಕ್ಕಲಿಗರ, ಕುರುಬರ, ಬೇಡರ ಹುಡುಗನಿಗೆ ಆ ಪಂಕ್ತಿಯಲ್ಲಿ ಎಲೆ ಹಾಕುವವರಿರಲಿಲ್ಲ. ದಲಿತರ ಮಕ್ಕಳಿಗೆ ಆ ಬೀದಿಯಲ್ಲಿ ನಡೆಯುವುದೇ ಕಷ್ಟ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು, ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಆ ಮಕ್ಕಳಿಗಾಗಿ ಸ್ವಂತ ಜಾತಿಯವರ ಬೈಗುಳ ತಿಂದು ದುಡಿದವರು.

ನಮ್ಮಪ್ಪ ಶಿರಾ ಕಡೆಯಿಂದ ಬಂದು ಹೈಸ್ಕೂಲು ಮುಗಿಸಿದ್ದು ಸಮುದಾಯದ ಹಾಸ್ಟೆಲಿನಲ್ಲಿ. ನಾಲ್ವರಿಗೆ ಒಂದು ಲಾಟೀನು, ತಲೆಗೊಂದು ಚಾಪೆ, ರಾತ್ರಿ ಮುದ್ದೆ, ಹುರುಳಿ ಸಾರು. ಲಾಟೀನಿನ ಗಾಜು ಒರೆಸುವ ಪಾಳಿ ತಪ್ಪಿಸಿದವನು ಅಂದು ಗೋಡೆಯ ಕಡೆ ಕೂರಬೇಕು, ಬೆಳಕು ಅಲ್ಲಿಗೆ ಬೀಳುತ್ತಿರಲಿಲ್ಲ. ಅಪ್ಪ ಅದನ್ನು ಹೇಳುವಾಗ ಜಾತಿಯ ಮಾತೇ ಬರುತ್ತಿರಲಿಲ್ಲ, ಲಾಟೀನಿನ ಮಾತು ಬರುತ್ತಿತ್ತು. ನಾನು ಬಿ.ಎ. ಓದುವಾಗ ಇದ್ದದ್ದೂ ಅಂಥದೇ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ, ಊರ ಮುಖಂಡರ ಸಹಿಯಿದ್ದ ಕಾಗದ ಕೊಟ್ಟು ಸೇರಿದ್ದು. ಆ ಹಾಸ್ಟೆಲ್ ಇಲ್ಲದಿದ್ದರೆ ನನ್ನ ಓದು ಪಿ.ಯು.ಸಿ.ಗೇ ನಿಲ್ಲುತ್ತಿತ್ತು, ಮದುವೆಯೂ ಅಂದೇ ಆಗುತ್ತಿತ್ತು. ಹಾಗೆಯೇ, ಚುನಾವಣೆ ಬಂತೆಂದರೆ ಅದೇ ಹಾಸ್ಟೆಲಿನ ಜಗಲಿಯ ಮೇಲೆ ಖಾದಿ ತೊಟ್ಟ ಗಂಡಸರು ಬಂದು ಕೂರುತ್ತಿದ್ದದ್ದನ್ನೂ ನೋಡಿದ್ದೇನೆ. ಯಾರ ಮಗ, ಯಾರ ಮಗಳು, ಎಷ್ಟು ಓಟು ಎಂಬ ಲೆಕ್ಕ ಅವರದು.

ಇಥಾಕಾಕ್ಕೆ ಮರಳೋಣ. ಹೆಣ್ಣುಮಕ್ಕಳಿಗೆ ಸೇಜ್ ಎಂಬ ಹಾಸ್ಟೆಲ್ ಇತ್ತು. 1911ರಲ್ಲಿ ಇಬ್ಬರು ಕಪ್ಪು ಹುಡುಗಿಯರಿಗೆ ಅಲ್ಲಿ ಕೋಣೆ ಕೊಡಬಾರದೆಂದು ಬಿಳಿಯ ಹುಡುಗಿಯರು ಸಹಿ ಸಂಗ್ರಹಿಸಿ ಅಧ್ಯಕ್ಷ ಜೇಕಬ್ ಗೂಲ್ಡ್ ಶುರ್ಮನ್ ಮುಂದಿಟ್ಟರು. ಬಣ್ಣದ ಕಾರಣಕ್ಕೆ ವಿಶ್ವವಿದ್ಯಾಲಯದ ಯಾವ ಬಾಗಿಲನ್ನೂ ಮುಚ್ಚುವುದಿಲ್ಲ ಎಂದು ಆತ ಹೇಳಿದ. ಹೇಳಿದ್ದು ದೊಡ್ಡದೇ. ಆದರೆ ಬಾಗಿಲು ತೆರೆದಿರುವುದಕ್ಕೂ ಒಳಗಿದ್ದವರು ಮಾತಾಡಿಸುವುದಕ್ಕೂ ಎಷ್ಟು ಅಂತರವಿದೆ ಎಂಬುದು ಹಾಸ್ಟೆಲಿನಲ್ಲಿ ಇದ್ದವರಿಗೇ ಗೊತ್ತು.

ಆಲ್ಫಾ ಸಂಘ ಅಷ್ಟರಲ್ಲಿ ಕಾರ್ನೆಲ್ ಬಿಟ್ಟು ಬೇರೆ ಕಾಲೇಜುಗಳಿಗೂ ಹಬ್ಬಿತ್ತು. ಪೆನ್ಸಿಲ್ವೇನಿಯಾದ ಲಿಂಕನ್ ವಿಶ್ವವಿದ್ಯಾಲಯದಲ್ಲಿ ಥರ್ಗುಡ್ ಮಾರ್ಷಲ್ ಎಂಬ ಹುಡುಗ ಅದಕ್ಕೆ ಸೇರಿದ. ಅವನು ವಕೀಲನಾದ ಮೇಲೆ ಗೆದ್ದ ಮೊದಲ ದೊಡ್ಡ ಮೊಕದ್ದಮೆ 1930ರ ದಶಕದ್ದು: ಕಪ್ಪು ಬಣ್ಣದವನೆಂಬ ಕಾರಣಕ್ಕೆ ಡೊನಾಲ್ಡ್ ಮರ್ರೆಯನ್ನು ಮೇರಿಲ್ಯಾಂಡಿನ ಕಾನೂನು ಕಾಲೇಜು ಸೇರಿಸಿಕೊಳ್ಳದಿದ್ದ ಪ್ರಕರಣ. ಅದರ ಹಿಂದೆ ಇದೇ ಆಲ್ಫಾ ಸಂಘದ ಬೆಂಬಲವೂ ಇತ್ತು. 1954ರಲ್ಲಿ ಬ್ರೌನ್ ಮೊಕದ್ದಮೆಯಲ್ಲಿ ವಾದಿಸಿ ಶಾಲೆಗಳ ವರ್ಣಭೇದವನ್ನು ಕೆಡವಿದವನೂ ಮಾರ್ಷಲನೇ. ಪ್ರತ್ಯೇಕ ಸಂಘದಲ್ಲಿ ಬೆಳೆದವನು ಪ್ರತ್ಯೇಕತೆಯನ್ನು ಮುರಿದ. ನನ್ನ ತಮ್ಮ ಕೇಳಿದ ಪ್ರಶ್ನೆಗೆ ಇದೂ ಅರ್ಧ ಉತ್ತರ.

1963ರಲ್ಲಿ ಜೇಮ್ಸ್ ಪರ್ಕಿನ್ಸ್ ಕಾರ್ನೆಲ್‌ನ ಅಧ್ಯಕ್ಷನಾಗಿ ಬಂದಾಗ ಅಲ್ಲಿ ಕಪ್ಪು ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ಆತ ಸಮಿತಿ ನೇಮಿಸಿ, ಹಣ ಕೂಡಿಸಿ, ಊರೂರಿಗೆ ಜನ ಕಳಿಸಿ ಮಕ್ಕಳನ್ನು ಕರೆತಂದ. 1968ರ ಹೊತ್ತಿಗೆ ಸುಮಾರು 250 ಜನರಾದರು. ಕರೆತಂದವರು ಒಂದು ವಿಷಯ ಮಾತ್ರ ಯೋಚಿಸಿರಲಿಲ್ಲ: ಈ ಮಕ್ಕಳು ಯಾರ ಜೊತೆ ಮಲಗುತ್ತಾರೆ, ಯಾರ ಜೊತೆ ಉಣ್ಣುತ್ತಾರೆ? ಹಾಸ್ಟೆಲಿನಲ್ಲಿ ಹಾಡು ಜೋರಾಯಿತೆಂದು ಜಗಳ, ಕೂದಲು ನೇರ ಮಾಡಿಕೊಳ್ಳುವ ವಾಸನೆಗೆ ಜಗಳ. ಇಂಥ ಸಣ್ಣ ಜಗಳಗಳು ಯಾವ ನೀತಿಯ ಕಡತಕ್ಕೂ ಹೋಗುವುದಿಲ್ಲ. ನಾವು ಇಲ್ಲಿಗೆ ಬಂದ ಹೊಸತರಲ್ಲಿ ನನ್ನ ಒಗ್ಗರಣೆಯ ಘಾಟಿಗೆ ಕೆಳಮನೆಯಾಕೆ ಕಿಟಕಿ ದಢಾರನೆ ಮುಚ್ಚುತ್ತಿದ್ದಳು, ಒಂದು ದಿನ ಮಾಲೀಕನಿಂದ ಚೀಟಿಯೂ ಬಂತು. ಸಾಸಿವೆ ಸಿಡಿಸದೆ ಸಾರು ಮಾಡುವುದು ಹೇಗೆಂದು ಅಳುತ್ತ ಕೂತಿದ್ದೆ. ಹತ್ತೊಂಬತ್ತು ವರ್ಷದ ಹುಡುಗಿಗೆ ದಿನಾ ಇದೇ ಆದರೆ ಬೇರೆ ಮನೆ ಬೇಕೆನಿಸುವುದು ಸಹಜ. 1968ರಲ್ಲಿ ಡಿಯರ್‌ಬಾರ್ನ್ ಪ್ಲೇಸ್‌ನಲ್ಲಿ ಕಪ್ಪು ವಿದ್ಯಾರ್ಥಿನಿಯರಿಗಾಗಿ ವಾರಿ ಹೌಸ್ ಎಂಬ ಮನೆ ಶುರುವಾಯಿತು. ತಾವೇ ಅಡುಗೆ, ತಾವೇ ಲೆಕ್ಕ.

1969ರ ಏಪ್ರಿಲ್ 18ರ ನಸುಕಿನಲ್ಲಿ ಆ ಮನೆಯ ಜಗಲಿಗೆ ಯಾರೋ ಉರಿಯುವ ಶಿಲುಬೆ ಎಸೆದರು. ಅಮೆರಿಕದ ಕಪ್ಪು ಮನೆತನಗಳಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದು ಕು ಕ್ಲಕ್ಸ್ ಕ್ಲಾನ್‌ನವರ ಎಚ್ಚರಿಕೆ ಚೀಟಿ. ಮರುದಿನ ಕಾಲೇಜಿನಲ್ಲಿ ತಂದೆತಾಯಿಯರ ಹಬ್ಬ. ಬೆಳಿಗ್ಗೆ ಆರರ ಸುಮಾರಿಗೆ ಕಪ್ಪು ವಿದ್ಯಾರ್ಥಿಗಳ ಸಂಘದವರು ವಿಲ್ಲರ್ಡ್ ಸ್ಟ್ರೈಟ್ ಹಾಲ್ ಎಂಬ ವಿದ್ಯಾರ್ಥಿ ಭವನಕ್ಕೆ ನುಗ್ಗಿ, ಮೇಲಿನ ಕೋಣೆಗಳಲ್ಲಿ ಮಲಗಿದ್ದ ಅತಿಥಿಗಳನ್ನು ಎಬ್ಬಿಸಿ ಹೊರಗೆ ಕಳಿಸಿ, ಬಾಗಿಲಿಗೆ ಸರಪಳಿ ಬಿಗಿದರು. ಹಿಂದಿನ ಪ್ರತಿಭಟನೆಗಾಗಿ ಕೊಟ್ಟ ಶಿಕ್ಷೆಯನ್ನು ರದ್ದು ಮಾಡಿ, ಶಿಲುಬೆ ಎಸೆದವರನ್ನು ಹಿಡಿಯಿರಿ ಎಂಬುದು ಬೇಡಿಕೆ. ಬಿಳಿಯರ ಒಂದು ಫ್ರಾಟರ್ನಿಟಿಯ ಹುಡುಗರು ಕಿಟಕಿಯಿಂದ ಒಳನುಗ್ಗಿ ಬಡಿದಾಡಿದರು. ಕಾರುಗಟ್ಟಲೆ ಬಿಳಿಯರು ಬಂದೂಕು ಹಿಡಿದು ಬರುತ್ತಿದ್ದಾರೆ ಎಂಬ ಗಾಳಿಸುದ್ದಿ ಹಬ್ಬಿತು. ಆಗ ಒಳಗಿನವರೂ ಬಂದೂಕು ತರಿಸಿಕೊಂಡರು. ಮೂವತ್ತಾರು ಗಂಟೆಗಳ ಬಳಿಕ ಅವರು ರೈಫಲ್ ಹಿಡಿದು, ತೋಟಾಗಳ ಪಟ್ಟಿ ಎದೆಗೆ ಅಡ್ಡ ಕಟ್ಟಿ ಹೊರಬಂದ ಚಿತ್ರವನ್ನು ಎಪಿ ಸುದ್ದಿಸಂಸ್ಥೆಯ ಸ್ಟೀವ್ ಸ್ಟಾರ್ ತೆಗೆದ. ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಶಿಕ್ಷೆ ರದ್ದು ಮಾಡಲು ಅಧ್ಯಾಪಕರು ಮೊದಲು ಒಪ್ಪಲಿಲ್ಲ, ಬಾರ್ಟನ್ ಹಾಲಿನಲ್ಲಿ ಸಾವಿರಾರು ವಿದ್ಯಾರ್ಥಿಗಳು ಕೂತ ಮೇಲೆ ಒಪ್ಪಿದರು. ಪರ್ಕಿನ್ಸ್ ರಾಜೀನಾಮೆ ಕೊಟ್ಟ. ಅರ್ಥಶಾಸ್ತ್ರ ಕಲಿಸುತ್ತಿದ್ದ ಥಾಮಸ್ ಸೋವೆಲ್, ಸ್ವತಃ ಕಪ್ಪು ಮನುಷ್ಯ, ಇದೆಲ್ಲ ಸರಿಯಿಲ್ಲವೆಂದು ಕಾರ್ನೆಲ್ ಬಿಟ್ಟು ನಡೆದ. ಮಕ್ಕಳನ್ನು ಸಿದ್ಧತೆಯಿಲ್ಲದೆ ತಂದು ನೀರಿಗೆ ತಳ್ಳಿದರು ಎಂಬ ಅರ್ಥದ ಅವನ ಟೀಕೆ ಇಂದಿಗೂ ಚಾಲ್ತಿಯಲ್ಲಿದೆ.

ಒಂದು ವಿಚಿತ್ರ ಹೇಳಿಬಿಡುತ್ತೇನೆ. ಆ ವಾರ ರೇಡಿಯೋದಲ್ಲಿ, ಕಾರ್ನೆಲ್‌ಗೆ ಇನ್ನು ಕೆಲವೇ ಗಂಟೆ ಆಯಸ್ಸು ಎಂಬಂತೆ ಗುಡುಗಿದ್ದ ವಿದ್ಯಾರ್ಥಿ ಟಾಮ್ ಜೋನ್ಸ್. ಅವನೇ ಮುಂದೆ ಶಿಕ್ಷಕರ ನಿವೃತ್ತಿ ನಿಧಿಯನ್ನು ನೋಡಿಕೊಳ್ಳುವ ದೈತ್ಯ ಸಂಸ್ಥೆಯೊಂದರ ಅಧ್ಯಕ್ಷನಾದ, ಕಾರ್ನೆಲ್‌ನ ಟ್ರಸ್ಟಿಯಾದ, 1990ರ ದಶಕದಲ್ಲಿ ವರ್ಣಸಾಮರಸ್ಯಕ್ಕೆ ಒಂದು ಬಹುಮಾನ ಸ್ಥಾಪಿಸಿದ. ಬಹುಮಾನದ ಹೆಸರು ಜೇಮ್ಸ್ ಪರ್ಕಿನ್ಸ್ ಪ್ರಶಸ್ತಿ.

ಶಿಲುಬೆ ಎಸೆದವರು ಸಿಗಲಿಲ್ಲ. ಆ ವರ್ಷವೇ ಆಫ್ರಿಕಾ ಅಧ್ಯಯನ ಕೇಂದ್ರ ಶುರುವಾಯಿತು. 1970ರ ಏಪ್ರಿಲ್ 1ರಂದು ಯಾರೋ ಅದಕ್ಕೂ ಬೆಂಕಿಯಿಟ್ಟರು. 1972ರಲ್ಲಿ ಉಜಾಮಾ ಎಂಬ ಹಾಸ್ಟೆಲ್ ತೆರೆಯಿತು. ಟಾಂಜಾನಿಯಾದ ನ್ಯೆರೆರೆ ತನ್ನ ಗ್ರಾಮ ಸಮಾಜವಾದಕ್ಕೆ ಇಟ್ಟಿದ್ದ ಸ್ವಾಹಿಲಿ ಹೆಸರು ಅದು. ನಿಯಮದ ಪ್ರಕಾರ ಯಾರು ಬೇಕಾದರೂ ಅರ್ಜಿ ಹಾಕಬಹುದು, ಹೆಚ್ಚಾಗಿ ಇದ್ದವರು ಕಪ್ಪು ವಿದ್ಯಾರ್ಥಿಗಳು. ಇದು ಹಿಂಬಾಗಿಲ ವರ್ಣಭೇದ ಅಲ್ಲವೇ ಎಂದು ನ್ಯೂಯಾರ್ಕ್ ರಾಜ್ಯದ ಶಿಕ್ಷಣಾಧಿಕಾರಿಗಳು ಆಗಲೇ ಕೆದಕಿದರು. 1990ರ ದಶಕದಲ್ಲಿ ದೂರು ಕೇಂದ್ರ ಶಿಕ್ಷಣ ಇಲಾಖೆಯವರೆಗೂ ಹೋಯಿತು. ಕಾನೂನು ಮುರಿದಿಲ್ಲ ಎಂದು ಉತ್ತರ ಬಂತು.

ಪ್ರತ್ಯೇಕ ಹಾಸ್ಟೆಲ್ ಬೇಡವೆಂದವರೆಲ್ಲ ಬಿಳಿಯರೆಂದೋ ಕೆಟ್ಟವರೆಂದೋ ತಿಳಿಯಬಾರದು. ಮನಶ್ಶಾಸ್ತ್ರಜ್ಞ ಕೆನೆತ್ ಕ್ಲಾರ್ಕ್ ಮತ್ತವನ ಹೆಂಡತಿ ಮೇಮಿ ಕಪ್ಪು ಮಕ್ಕಳ ಮುಂದೆ ಕಪ್ಪು ಗೊಂಬೆ, ಬಿಳಿ ಗೊಂಬೆ ಇಟ್ಟು ಯಾವುದು ಚೆಂದ ಎಂದು ಕೇಳಿದವರು. ಬಹಳ ಮಕ್ಕಳು ಬಿಳಿಯದರ ಕಡೆ ಕೈ ತೋರಿದ್ದು ಬ್ರೌನ್ ಮೊಕದ್ದಮೆಯಲ್ಲಿ ಸಾಕ್ಷ್ಯವಾಯಿತು. ಅಂಥ ಕ್ಲಾರ್ಕ್ 1969ರಲ್ಲಿ, ಒಹಾಯೊದ ಆಂಟಿಯಾಕ್ ಕಾಲೇಜು ಕಪ್ಪು ವಿದ್ಯಾರ್ಥಿಗಳಿಗೆ ಮಾತ್ರ ಎಂಬಂಥ ವಿಭಾಗ, ಹಾಸ್ಟೆಲಿಗೆ ಒಪ್ಪಿತೆಂದು ಅದರ ಆಡಳಿತ ಮಂಡಳಿಯನ್ನೇ ಬಿಟ್ಟ. ಜೀವಮಾನವಿಡೀ ಒಡೆದ ಗೋಡೆಯನ್ನು ಮಕ್ಕಳು ತಾವೇ ಕಟ್ಟುವುದನ್ನು ನೋಡಿದವನ ಸಂಕಟ ಅದು. ನಮ್ಮ ಹಾಸ್ಟೆಲ್ ಜಗಲಿಯ ಖಾದಿ ಗಂಡಸರನ್ನು ನೆನೆದಾಗ ನಾನು ಕ್ಲಾರ್ಕನ ಪಕ್ಷ. ಅಪ್ಪನ ಲಾಟೀನು ನೆನೆದಾಗ ಅಲ್ಲ. ಎರಡರಲ್ಲಿ ತೂಕ ಹೆಚ್ಚು ಯಾವುದಕ್ಕೆಂದರೆ, ಲಾಟೀನಿಗೇ.

ಇಲ್ಲಿಯವರೆಗೆ ಕಾರಣ ಸ್ಪಷ್ಟವಿತ್ತು. ಜಾಗ ಕೊಡಲಿಲ್ಲ, ಅದಕ್ಕೆ ಜಾಗ ಮಾಡಿಕೊಂಡೆವು. ಹಿಂದೆ ಅನ್ಯಾಯವಾಗಿದೆ, ಅದಕ್ಕೆ ಸೀಟು ಕೊಡಿ. ಈ ಕಾರಣ ಬದಲಾದದ್ದು 1978ರಲ್ಲಿ, ಸುಪ್ರೀಂ ಕೋರ್ಟಿನಲ್ಲಿ. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು 100 ಸೀಟುಗಳಲ್ಲಿ 16ನ್ನು ಅಲ್ಪಸಂಖ್ಯಾತ ವರ್ಣದವರಿಗೆ ಎತ್ತಿಟ್ಟಿತ್ತು. ಎರಡು ಸಲ ಅರ್ಜಿ ಹಾಕಿಯೂ ಸೀಟು ಸಿಗದ ಅಲನ್ ಬಕ್ಕಿ ಎಂಬ ಬಿಳಿಯ ಎಂಜಿನಿಯರ್ ಮೊಕದ್ದಮೆ ಹೂಡಿದ. ನ್ಯಾಯಮೂರ್ತಿಗಳು ನಾಲ್ಕು–ನಾಲ್ಕಾಗಿ ಒಡೆದರು, ನಡುವೆ ಲೂಯಿಸ್ ಪವೆಲ್ ಒಬ್ಬನೇ ಉಳಿದ. ಅವನ ತೀರ್ಪೇ ನಡೆಯಿತು. ಸೀಟು ಎತ್ತಿಡುವಂತಿಲ್ಲ, ಸಮಾಜ ಹಿಂದೆ ಮಾಡಿದ ಅನ್ಯಾಯದ ಲೆಕ್ಕ ತೀರಿಸುವುದು ಕಾಲೇಜಿನ ಕೆಲಸವಲ್ಲ, ಆದರೆ ತರಗತಿಯಲ್ಲಿ ನಾನಾ ಬಗೆಯ ಜನರಿದ್ದರೆ ಎಲ್ಲರ ಕಲಿಕೆಗೂ ಒಳ್ಳೆಯದು, ಆ ಕಾರಣಕ್ಕೆ ವರ್ಣವನ್ನೂ ಒಂದು ಅಂಶವಾಗಿ ನೋಡಬಹುದು. ಐಡಹೊದ ರೈತನ ಮಗ ತರಗತಿಗೆ ಏನೋ ಹೊಸತು ತರುವಂತೆ ಕಪ್ಪು ವಿದ್ಯಾರ್ಥಿಯೂ ತರಬಲ್ಲ ಎಂಬ ಹಾರ್ವರ್ಡಿನ ಉದಾಹರಣೆಯನ್ನು ಪವೆಲ್ ಎತ್ತಿಕೊಂಡ.

ಅದೇ ಪೀಠದಲ್ಲಿ, ಅಷ್ಟೊತ್ತಿಗೆ ನ್ಯಾಯಮೂರ್ತಿಯಾಗಿದ್ದ ಥರ್ಗುಡ್ ಮಾರ್ಷಲ್ ಕೂತಿದ್ದ. ಅವನು ಬೇರೆಯೇ ಅಭಿಪ್ರಾಯ ಬರೆದ. ಗುಲಾಮಗಿರಿಯಿಂದ ಹಿಡಿದು ತನ್ನ ಕಾಲದವರೆಗೆ ಕಪ್ಪು ಜನರಿಗೆ ಏನೇನು ನಿರಾಕರಿಸಲಾಯಿತು ಎಂಬ ಚರಿತ್ರೆಯನ್ನೇ ಅದರಲ್ಲಿ ಹಾಸಿ ಇಟ್ಟ. ಗೆದ್ದದ್ದು ಪವೆಲನ ಕಾರಣ. ಅಂದಿನಿಂದ ಕಾಲೇಜುಗಳೆಲ್ಲ ಅದೇ ಭಾಷೆ ಕಲಿತವು. ಅನ್ಯಾಯ ಎನ್ನುವಂತಿಲ್ಲ, ವೈವಿಧ್ಯ ಎನ್ನಬೇಕು. ಕಪ್ಪು ಹುಡುಗಿಗೆ ಕೋಣೆ ಬೇಕು ಎನ್ನುವಂತಿಲ್ಲ, ಅವಳಿರುವುದರಿಂದ ಬಿಳಿಯ ಹುಡುಗಿಗೂ ಲಾಭ ಎನ್ನಬೇಕು. ನನಗೆ ಇದು ಮೊದಲಿನಿಂದಲೂ ಕಸಿವಿಸಿ. ನಮ್ಮ ಮೈಸೂರಿನಲ್ಲಿ 1918ರಲ್ಲಿ ಮಿಲ್ಲರ್ ಸಮಿತಿ ಕೂತಾಗಿನಿಂದ ಜಗಳ ಇದ್ದದ್ದು ಹಿಂದುಳಿದವರು ಯಾರು, ಎಷ್ಟು ಸೀಟು ಎಂಬುದರ ಮೇಲೆ. ವಿಶ್ವೇಶ್ವರಯ್ಯನವರು ಆ ವಿಷಯದಲ್ಲಿ ಒಪ್ಪದೆ ದಿವಾನಗಿರಿ ಬಿಟ್ಟರು. 1962ರಲ್ಲಿ ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮೈಸೂರು ಸರ್ಕಾರದ ಶೇಕಡಾ 68 ಮೀಸಲಾತಿಯನ್ನು ಹೊಡೆದುಹಾಕಿ ಅರ್ಧದ ಒಳಗೇ ಇರಲಿ ಎಂದಿತು. ಇಷ್ಟೆಲ್ಲ ಆದರೂ, ನಿನ್ನನ್ನು ಸೇರಿಸಿಕೊಳ್ಳುವುದು ಪಕ್ಕದ ಬೆಂಚಿನವನ ಉಪಯೋಗಕ್ಕೆ ಎಂದು ನಮ್ಮಲ್ಲಿ ಯಾವ ನ್ಯಾಯಾಲಯವೂ ಹುಡುಗನಿಗೆ ಹೇಳಲಿಲ್ಲ. ನಮ್ಮ ವ್ಯವಸ್ಥೆ ಚೊಕ್ಕವೆಂದು ಹೇಳುತ್ತಿಲ್ಲ, ಜಗಳದ ವಿಷಯ ನೆಟ್ಟಗಿತ್ತು ಎನ್ನುತ್ತೇನೆ ಅಷ್ಟೇ.

ಪವೆಲನ ಕಾರಣದ ನೆರಳಿನಲ್ಲಿ ಮನೆಗಳು ಮಾತ್ರ ಹೆಚ್ಚಿದವು. ಕಾರ್ನೆಲ್‌ನಲ್ಲಿ ಮೂಲನಿವಾಸಿ ವಿದ್ಯಾರ್ಥಿಗಳ ಅಕ್ವೆಕಾನ್ ಎಂಬ ಮನೆ 1991ರಲ್ಲಿ ತೆರೆಯಿತು. 1993ರಲ್ಲಿ ಲ್ಯಾಟಿನೊ ಕಲಾವಿದನೊಬ್ಬನ ಕಲಾಕೃತಿಯನ್ನು ಯಾರೋ ಕೆಡಿಸಿದ್ದಕ್ಕೆ ವಿದ್ಯಾರ್ಥಿಗಳು ಆಡಳಿತ ಕಚೇರಿಯಲ್ಲಿ ಧರಣಿ ಕೂತರು, ಮರುವರ್ಷ ಲ್ಯಾಟಿನೊ ಮನೆ ಬಂತು. ಆಮೇಲೆ ಕಚೇರಿ, ಡೀನು, ತರಬೇತಿ, ಕರಪತ್ರ. ಕರಪತ್ರಗಳ ಆ ಭಾಷೆ ಓದಿದರೆ ಯಾರಿಗೂ ಯಾವತ್ತೂ ಬಾಡಿಗೆ ಮನೆ ಸಿಗದೆ ಇದ್ದದ್ದು ಗೊತ್ತೇ ಆಗುವುದಿಲ್ಲ.

ಈ ಕಥೆಯ ಇನ್ನೊಬ್ಬ ಮನುಷ್ಯ ಕಾರ್ನೆಲ್‌ನವನಲ್ಲ. ಮ್ಯಾಸಚೂಸೆಟ್ಸ್‌ನ ವುಸ್ಟರ್ ಊರಿನ ಹೋಲಿ ಕ್ರಾಸ್ ಎಂಬ ಜೆಸ್ಯೂಟರ ಕಾಲೇಜಿಗೆ 1968ರಲ್ಲಿ ಬಂದ ಜಾರ್ಜಿಯಾದ ಹುಡುಗ. ಪಾದ್ರಿಯಾಗಲು ಹೊರಟಿದ್ದವನು. ಮಾರ್ಟಿನ್ ಲೂಥರ್ ಕಿಂಗ್‌ಗೆ ಗುಂಡು ಬಿದ್ದ ದಿನ ಸಹಪಾಠಿಯೊಬ್ಬ ಆಡಿದ ಮಾತು ಕೇಳಿ ಸೆಮಿನರಿ ಬಿಟ್ಟಿದ್ದ. ಹೋಲಿ ಕ್ರಾಸ್‌ನಲ್ಲಿ ಅವನು ಕಪ್ಪು ವಿದ್ಯಾರ್ಥಿಗಳ ಸಂಘ ಕಟ್ಟಿದವರಲ್ಲೊಬ್ಬ. ನಮಗೇ ಒಂದು ಸಾಲು ಕೋಣೆ ಕೊಡಿ ಎಂದು ಸಂಘ ಕೇಳಬೇಕೆಂದಾಗ ವಿರುದ್ಧ ಮತ ಹಾಕಿದವನೂ ಅವನೇ. ಕೊನೆಗೆ ಆ ಸಾಲಿಗೇ ಹೋದ, ಹೋಗುವಾಗ ಬಿಳಿಯ ಗೆಳೆಯನನ್ನೂ ರೂಮ್‌ಮೇಟಾಗಿ ಕರೆದುಕೊಂಡು ಹೋದ. 1969ರ ಡಿಸೆಂಬರಿನಲ್ಲಿ, ಪ್ರತಿಭಟನೆಯೊಂದಕ್ಕೆ ಕೊಟ್ಟ ಶಿಕ್ಷೆ ಕಪ್ಪು ಹುಡುಗರಿಗೇ ಹೆಚ್ಚಾಗಿ ತಗುಲಿತೆಂದು ಕಪ್ಪು ವಿದ್ಯಾರ್ಥಿಗಳು ಕಾಲೇಜು ಬಿಟ್ಟು ಹೊರನಡೆದಾಗ ಅವನೂ ನಡೆದ. ಹೆಸರು ಕ್ಲಾರೆನ್ಸ್ ಥಾಮಸ್. 1991ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಥರ್ಗುಡ್ ಮಾರ್ಷಲ್ ಬಿಟ್ಟ ಕುರ್ಚಿಗೆ ಬಂದವನು. ಅದೇ ಕಾಲೇಜಿನಲ್ಲಿದ್ದ ಅವನ ಸಮಕಾಲೀನ ಎಡ್ವರ್ಡ್ ಪಿ. ಜೋನ್ಸ್ ಮುಂದೆ ಕಾದಂಬರಿಗೆ ಪುಲಿಟ್ಜರ್ ಪಡೆದ.

2023ರ ಜೂನ್ 29ರಂದು ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ಮೊಕದ್ದಮೆಗಳಲ್ಲಿ ಸುಪ್ರೀಂ ಕೋರ್ಟು ಪವೆಲನ ಕಾರಣವನ್ನೂ ಕಿತ್ತುಹಾಕಿತು. ಪ್ರವೇಶದಲ್ಲಿ ವರ್ಣ ನೋಡುವಂತಿಲ್ಲ. ವೈವಿಧ್ಯದ ಲಾಭವನ್ನು ಅಳೆಯುವುದು ಹೇಗೆ, ಅದು ಮುಗಿಯುವುದು ಯಾವಾಗ ಎಂದು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಕೇಳಿದ. ಕೇಳಬೇಕಾದ ಪ್ರಶ್ನೆಯೇ, ಉತ್ತರ ಯಾರ ಬಳಿಯೂ ಇರಲಿಲ್ಲ. ಥಾಮಸ್ ಒಪ್ಪಿ ದೀರ್ಘವಾಗಿ ಬರೆದ. ಹಳೆಯ ಕಾರಣವನ್ನು 1978ರಲ್ಲೇ ಹೂತಾಗಿತ್ತು, ಹೊಸದು ಈಗ ಹೋಯಿತು. ಏಷ್ಯಾದ ಮಕ್ಕಳಿಗೆ ಹಾರ್ವರ್ಡ್ ಅನ್ಯಾಯ ಮಾಡುತ್ತಿದೆ ಎಂಬುದು ಆ ಮೊಕದ್ದಮೆಯ ತಿರುಳು. ನಮ್ಮ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ತೀರ್ಪಿಗೆ ಚಪ್ಪಾಳೆ ತಟ್ಟಿದವರೂ ಇದ್ದರು, ಕೋಸಂಬರಿ ಬಡಿಸುತ್ತ ಅವರಿಗೆ ತಿರುಗಿ ಬಿದ್ದ ಮಕ್ಕಳೂ ಇದ್ದರು.

ತೀರ್ಪು ಮಾತಾಡಿದ್ದು ಪ್ರವೇಶದ ಬಗ್ಗೆ ಮಾತ್ರ. ಸಂಘ, ಹಾಸ್ಟೆಲುಗಳ ಬಗ್ಗೆ ಅದರಲ್ಲಿ ಏನೂ ಇಲ್ಲ. ಆದರೆ ಬಾಗಿಲಿಗೆ ಬಿದ್ದ ಏಟು ಇಡೀ ಮನೆಗೆ ತಟ್ಟಿತು. ಟೆಕ್ಸಾಸ್ 2024ರ ಜನವರಿಯಿಂದ ತನ್ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವೈವಿಧ್ಯದ ಕಚೇರಿಗಳನ್ನು ನಿಷೇಧಿಸಿತು. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳ ಸಂಘ ಆ ವರ್ಷವೇ ತನ್ನ ಕಚೇರಿ ಕಳೆದುಕೊಂಡಿತು. 2025ರ ಫೆಬ್ರವರಿಯಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿ ಹನ್ನೆರಡು ಕ್ಲಬ್ಬುಗಳನ್ನು ಒಂದೇ ಏಟಿಗೆ ಮುಚ್ಚಿತು, ಅದರಲ್ಲಿ ಏಷ್ಯಾದವರ ವೇದಿಕೆಯೂ ಇತ್ತು, ಹೆಣ್ಣು ಎಂಜಿನಿಯರುಗಳದ್ದೂ ಇತ್ತು. ಸೇನಾ ಅಕಾಡೆಮಿಗಳ ಪ್ರಶ್ನೆಯನ್ನು 2023ರ ತೀರ್ಪು ಬೇಕೆಂದೇ ಬದಿಗಿಟ್ಟಿತ್ತು ಎಂಬುದು ಬೇರೆ ಮಾತು. ಅದೇ ತಿಂಗಳು ಕೇಂದ್ರ ಶಿಕ್ಷಣ ಇಲಾಖೆ ಕಾಲೇಜುಗಳಿಗೆ ಕಳಿಸಿದ ಪತ್ರದಲ್ಲಿ ಹಾಸ್ಟೆಲುಗಳು, ಘಟಿಕೋತ್ಸವಗಳು ಕೂಡ ಪಟ್ಟಿಗೆ ಬಂದವು. ನ್ಯಾಯಾಧೀಶರು ಆ ಪತ್ರಕ್ಕೆ ತಡೆ ಕೊಟ್ಟರು, ಆಗಸ್ಟಿನಲ್ಲಿ ಮೇರಿಲ್ಯಾಂಡಿನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಅಷ್ಟರಲ್ಲಿ ಎಷ್ಟೋ ಕಾಲೇಜುಗಳು ಬೋರ್ಡು ಇಳಿಸಿದ್ದವು. ಸರ್ಕಾರ ತಡೆಹಿಡಿದಿದ್ದ ಸಂಶೋಧನಾ ಹಣ ಬಿಡಿಸಿಕೊಳ್ಳಲು ನಮ್ಮ ಕಾರ್ನೆಲ್ 2025ರ ನವೆಂಬರಿನಲ್ಲಿ ಸರ್ಕಾರಕ್ಕೆ 3 ಕೋಟಿ ಡಾಲರ್ ಕೊಡುವುದಾಗಿಯೂ, ಇನ್ನು 3 ಕೋಟಿ ಕೃಷಿ ಸಂಶೋಧನೆಗೆ ಹಾಕುವುದಾಗಿಯೂ ಒಪ್ಪಿ ರಾಜಿಯಾಯಿತು.

ಯೂಟಾ ರಾಜ್ಯದ ಕಾನೂನು 2024ರ ಜುಲೈಯಲ್ಲಿ ಜಾರಿಗೆ ಬಂದಾಗ ಯೂಟಾ ವಿಶ್ವವಿದ್ಯಾಲಯ ತನ್ನ ಕಪ್ಪು ವಿದ್ಯಾರ್ಥಿಗಳ ಸಾಂಸ್ಕೃತಿಕ ಕೇಂದ್ರವನ್ನು ಮುಚ್ಚಿತು. ಅಲ್ಲಿನ ಕಪ್ಪು ವಿದ್ಯಾರ್ಥಿಗಳ ಸಂಘ ಒಂದು ತೀರ್ಮಾನಕ್ಕೆ ಬಂತು. ವಿಶ್ವವಿದ್ಯಾಲಯದ ಪ್ರಾಯೋಜನೆ ಇದ್ದರೆ ಏನು ಹೇಳಬಹುದು, ಏನು ಹೇಳಬಾರದು ಎಂಬ ಕಟ್ಟುಪಾಡು ಬರುತ್ತದೆ. ಹಾಗಾಗಿ ಪ್ರಾಯೋಜನೆಯೇ ಬೇಡವೆಂದು ಬಿಟ್ಟುಕೊಟ್ಟಿತು. ಆದರೆ ಹೆಸರು ಬಿಡಲಿಲ್ಲ, ಸೇರುವುದನ್ನೂ ನಿಲ್ಲಿಸಲಿಲ್ಲ.

ತಮ್ಮನ ಮಗಳಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, "ಅತ್ತೆ, ಕ್ಯಾಂಪಸ್ಸಿನಲ್ಲಿ ರೂಮು ಸಿಗತ್ತಾ, ಹೊರಗೇ ಹುಡುಕಬೇಕಾ? ಬಾಡಿಗೆ ಎಷ್ಟು?" ಎಂದಳು.